ಮೂರು ಬೆಡ್‌ರೂಮು, ಒಂದು ಪಿಟ್ಟು

ನಾವಿರೋ ಬಾಡಿಗೆ ಮನೆ ಮಾರಾಟಕ್ಕಿದೆ. ಹೋದ ತಿಂಗಳು ಓನರ್ ಅಂಕಲ್ ಗೇಟಿಗೆ ಬೋರ್ಡ್ ಕಟ್ಟಿಸಿದರು: ‘3 ಬಿಎಚ್‌ಕೆ ಮನೆ, 30×40 ಸೈಟು, ಪೂರ್ವ ದಿಕ್ಕು, ಬೋರ್‌ವೆಲ್, ಕಾರ್ ಪಾರ್ಕಿಂಗ್.’ ಅವತ್ತಿನಿಂದ ಭಾನುವಾರ ಬಂತು ಅಂದ್ರೆ ಮನೆ ನೋಡೋಕೆ ಯಾರಾದ್ರೂ ಬರ್ತಾರೆ. ನಾವು ಒಂಬತ್ತು ಜನ ಹಾಸಿಗೆ ಸುತ್ತಿಟ್ಟು, ಬಟ್ಟೆ ಬಚ್ಚಿಟ್ಟು, ಒಳ್ಳೆ ಹುಡುಗರ ಹಾಗೆ ಹಾಲ್‌ನಲ್ಲಿ ನಿಂತಿರ್ತೀವಿ. ಬಂದವರು ಅಡುಗೆಮನೆ ಯಾವ ಮೂಲೆಯಲ್ಲಿದೆ ಅಂತ ನೋಡ್ತಾರೆ. ದೇವರಮನೆ ಬಾಗಿಲು ಯಾವ ಕಡೆಗಿದೆ ಅಂತ ಕೇಳ್ತಾರೆ. ನಲ್ಲಿ ತಿರುಗಿಸ್ತಾರೆ, ಗೋಡೆ ತಟ್ಟುತ್ತಾರೆ, ಖಾತಾ ಯಾವುದು ಅಂತ ವಿಚಾರಿಸ್ತಾರೆ. ಮೊದಲು ಬಂದ ಏಳು ಕುಟುಂಬದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದೇ: ‘ಈ ಮನೆ ಪಿಟ್ ಎಷ್ಟು ಜನಕ್ಕೆ ಸಾಕಾಗುತ್ತೆ?’

ನಮಗೂ ಈ ಪ್ರಶ್ನೆ ಸಿಲಬಸ್‌ನಿಂದ ಬಂದಿದ್ದಲ್ಲ. ಕಳೆದ ಮಳೆಗಾಲದಲ್ಲಿ ಪಿಟ್ ಎರಡು ಸಲ ತುಂಬಿ, ಕೆಳಗಿನ ಬಾತ್‌ರೂಮಿನಿಂದ ವಾಪಸ್ ಬಂತು. ಎರಡನೇ ಸಲ ಇಂಟರ್ನಲ್ಸ್ ನಡೀತಿದ್ದ ವಾರ. ವಿವರ ಬೇಡ, ಮೆಸ್ಸಿನಲ್ಲಿ ಕೂತು ಇದನ್ನ ಓದ್ತಿರೋರೂ ಇರಬಹುದು.

‘ಮೈಸೂರಲ್ಲಿ ಇನ್ನೂ ಪಿಟ್ಟಾ?’ ಅಂತ ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಗೆಳೆಯರು ಆಶ್ಚರ್ಯಪಡ್ತಾರೆ. ಅವರು ಬೆಳೆದ ಊರೇ ಬೇರೆ. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂತು, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯ್ತು. ಅಗಲ ರಸ್ತೆ, ಗಾಳಿ ಬೆಳಕು, ಚರಂಡಿ, ಇದೆಲ್ಲ ಊರು ಕಟ್ಟೋ ಲೆಕ್ಕದ ಭಾಗ ಆಯ್ತು. ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತಲ್ಲ, ನಾವು ‘ಕನ್ಸರ್ವೆನ್ಸಿ’ ಅಂತ ಕರೆದು ಬೈಕ್ ನಿಲ್ಲಿಸ್ತೀವಲ್ಲ, ಅದು ಮಲ ಹೊರುವವರು ಬಂದುಹೋಗಲಿ ಅಂತ ಬಿಟ್ಟ ದಾರಿ. ತಲೆ ಮೇಲೆ ಮಲ ಹೊರುವುದನ್ನ ನಮ್ಮ ರಾಜ್ಯದಲ್ಲಿ ನಿಷೇಧ ಮಾಡಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿ ಆಗಿದ್ದಾಗ. ಈಗ ಊರೊಳಗಿನ ಮನೆಗಳ ಕೊಳಚೆ ಯುಜಿಡಿ ಪೈಪಿಗೆ ಬಿದ್ದು ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯ ಶುದ್ಧೀಕರಣ ಘಟಕಗಳಿಗೆ ಹೋಗುತ್ತೆ. ಫ್ಲಶ್ ಒತ್ತಿದ ಮೇಲೆ ಅದು ಅವರ ಸಮಸ್ಯೆ ಅಲ್ಲ.

ರಿಂಗ್ ರೋಡ್ ದಾಟಿದರೆ ಕಥೆ ಬೇರೆ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ, ಇವೆಲ್ಲ ಮೊನ್ನೆ ಮೊನ್ನೆವರೆಗೆ ಗ್ರಾಮ ಪಂಚಾಯಿತಿಗಳು. ಆಮೇಲೆ ನಗರಸಭೆ, ಪಟ್ಟಣ ಪಂಚಾಯಿತಿ ಆದವು. ಈ ಕಡೆಯೆಲ್ಲ ಲೇಔಟ್ ಬೆಳೆದ ವೇಗದಲ್ಲಿ ಯುಜಿಡಿ ಬೆಳೀಲಿಲ್ಲ. ಕೆಲವು ಲೇಔಟ್‌ಗಳಲ್ಲಿ ರಸ್ತೆ ಮಧ್ಯೆ ಮ್ಯಾನ್‌ಹೋಲ್ ಮುಚ್ಚಳ ಇರುತ್ತೆ, ಕೆಳಗೆ ಪೈಪೂ ಇರುತ್ತೆ, ಆದರೆ ಆ ಪೈಪು ಮುಂದೆ ಯಾವ ದೊಡ್ಡ ಲೈನಿಗೂ ಸೇರಿರಲ್ಲ. ಮನೆ ನೋಡೋಕೆ ಬಂದವರು ಮುಚ್ಚಳ ನೋಡಿ ‘ಯುಜಿಡಿ ಇದೆ’ ಅಂದುಕೊಳ್ತಾರೆ.

ಇನ್ನು ಪದಗಳ ವಿಷಯ. ನಾವೆಲ್ಲ ‘ಸೆಪ್ಟಿಕ್ ಟ್ಯಾಂಕ್’ ಅನ್ನೋದು ಬಹಳ ಸಲ ಸೆಪ್ಟಿಕ್ ಟ್ಯಾಂಕ್ ಆಗಿರಲ್ಲ. ನಿಜವಾದ ಸೆಪ್ಟಿಕ್ ಟ್ಯಾಂಕ್ ಅಂದ್ರೆ ನೀರು ಸೋರದ ಉದ್ದನೆಯ ತೊಟ್ಟಿ. ಒಳಗೆ ಬಂದ ಕೊಳಚೆ ಅಲ್ಲಿ ಒಂದೆರಡು ದಿನ ಅಲುಗಾಡದೆ ನಿಲ್ಲಬೇಕು. ಭಾರದ್ದು ಕೆಳಗೆ ಕೂರುತ್ತೆ, ಜಿಡ್ಡು ಮೇಲೆ ತೇಲುತ್ತೆ, ಮಧ್ಯದ ನೀರು ಮಾತ್ರ ಇನ್ನೊಂದು ಕಡೆಯಿಂದ ಹೊರಗೆ ಹೋಗಿ ಇಂಗುಗುಂಡಿ ಸೇರುತ್ತೆ. ಕೆಳಗೆ ಕೂತಿದ್ದನ್ನ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ನಿಧಾನವಾಗಿ ಕರಗಿಸುತ್ತವೆ, ಆದರೆ ಪೂರ್ತಿ ಅಲ್ಲ. ಉಳಿದಿದ್ದು ವರ್ಷದಿಂದ ವರ್ಷಕ್ಕೆ ಏರ್ತಾ ಬರುತ್ತೆ. ಅದಕ್ಕೇ ಖಾಲಿ ಮಾಡಿಸಬೇಕು.

ನಮ್ಮ ಮನೆಯಲ್ಲಿರೋದು ಅದಲ್ಲ. ಸಿಮೆಂಟ್ ರಿಂಗ್ ಒಂದರ ಮೇಲೊಂದು ಇಳಿಸಿದ ಗುಂಡಿ. ತಳ ಇಲ್ಲ, ಪಕ್ಕದಲ್ಲಿ ತೂತು. ಘನ, ದ್ರವ ಎಲ್ಲ ಅದರಲ್ಲೇ. ನೀರನ್ನ ಮಣ್ಣು ಕುಡಿಯಬೇಕು. ಮಣ್ಣು ಕುಡಿಯೋವರೆಗೆ ಯಾರಿಗೂ ನೆನಪಾಗಲ್ಲ. ಮಣ್ಣಿನ ಸಂದುಗಳು ಜಿಡ್ಡಿನಿಂದ ಮುಚ್ಚಿಕೊಂಡ ಮೇಲೆ, ಅಥವಾ ಮಳೆಗಾಲದಲ್ಲಿ ಮಣ್ಣೇ ನೀರು ಕುಡಿದು ಕೂತಾಗ, ಅದು ವಾಪಸ್ ಕೊಡೋಕೆ ಶುರು ಮಾಡುತ್ತೆ.

ಓನರ್ ಅಂಕಲ್ ಈ ಮನೆ ಕಟ್ಟಿಸಿದಾಗ ಎರಡು ಬೆಡ್‌ರೂಮು, ಮನೆಯಲ್ಲಿ ನಾಲ್ಕು ಜನ. ನಾಲ್ಕಡಿ ಅಗಲದ ಹತ್ತು ರಿಂಗ್ ಇಳಿಸಿದ್ದರಂತೆ. ಆಮೇಲೆ ಮೇಲೆ ಒಂದು ರೂಮು, ಅದಕ್ಕೊಂದು ಅಟ್ಯಾಚ್ಡ್ ಬಾತ್‌ರೂಮು ಬಂತು. ಮೇಲಿನ ಪೈಪು ಇಳಿದು ಅದೇ ಪಿಟ್ಟಿಗೆ ಸೇರಿತು. ಮುಂದೆ ಅವರು ಬೇರೆ ಮನೆಗೆ ಹೋದರು, ನಾವು ಬಂದ್ವಿ, ರೂಮಿಗೆ ಮೂರು ಜನ. ಮನೆ ಬೆಳೀತು, ಜನ ಬೆಳೆದ್ರು, ಪಿಟ್ ಹಾಗೇ ಉಳೀತು.

ಒಂದು ಸಣ್ಣ ಲೆಕ್ಕ ಹಾಕೋಣ. ರಿಂಗಿನ ವ್ಯಾಸ ಸುಮಾರು 1.2 ಮೀಟರ್, ಆಳ 3 ಮೀಟರ್. ಪಿಟ್ಟಿನ ಗಾತ್ರ ಹತ್ತಿರ ಹತ್ತಿರ 3,400 ಲೀಟರ್. ಯುಜಿಡಿ ಇರೋ ಊರುಗಳಿಗೆ ನೀರಿನ ಯೋಜನೆ ಮಾಡುವಾಗ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡೀತಾರೆ, ಅದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಗೆ ಬರುತ್ತೆ ಅನ್ನೋದು ರೂಢಿಯ ಲೆಕ್ಕ. ನಮ್ಮ ಮನೆಯಲ್ಲಿ ಸ್ನಾನದ ನೀರು, ವಾಷಿಂಗ್ ಮೆಷಿನ್ ನೀರು ಎಲ್ಲ ಪಿಟ್ಟಿಗೇ, ಯಾಕಂದ್ರೆ ರಸ್ತೆಯಲ್ಲಿ ಚರಂಡಿ ಇಲ್ಲ. ನಾಲ್ಕು ಜನ ಇದ್ದಾಗ ದಿನಕ್ಕೆ 432 ಲೀಟರ್. ಒಂಬತ್ತು ಜನಕ್ಕೆ 972 ಲೀಟರ್. ಅಂದ್ರೆ ಮಣ್ಣು ಕುಡಿಯೋದನ್ನ ನಿಲ್ಲಿಸಿದರೆ ಖಾಲಿ ಪಿಟ್ ಕೂಡ ನಾಲ್ಕು ದಿನ ತಡೆಯಲ್ಲ. ಎರಡನೇ ಸಲ ಗಾಡಿ ಕರೆಸಿ ಖಾಲಿ ಮಾಡಿಸಿದ ಮೇಲೂ ಒಂದೇ ವಾರಕ್ಕೆ ನೀರು ಏರಿದ್ದು ಯಾಕೆ ಅಂತ ನಮಗೆ ಅವತ್ತು ಅರ್ಥ ಆಯ್ತು. ಗಾಡಿಯವರು ಮೋಸ ಮಾಡಿದ್ರು ಅಂತ ಬೈಕೊಂಡಿದ್ವಿ, ಪಾಪ.

ಹಾಗಾದ್ರೆ ನಿಯಮ ಏನು ಹೇಳುತ್ತೆ? ನಮ್ಮ ದೇಶದಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಭಾರತೀಯ ಮಾನಕ ಐಎಸ್ 2470 ಇದೆ, ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ ಇದೆ. ಎರಡೂ ಲೆಕ್ಕ ಹಾಕೋದು ಬಳಸುವ ಜನರ ಮೇಲೆ. ಐದು ಜನಕ್ಕೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ ಸುಮಾರು 1 ಮೀಟರ್. ಅಂದ್ರೆ 1,125 ಲೀಟರ್. ಹತ್ತು ಜನಕ್ಕೆ 2 ಮೀಟರ್ ಉದ್ದ, 0.9 ಮೀಟರ್ ಅಗಲ. ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸ್ತೀವಿ ಅನ್ನೋದರ ಮೇಲೆ ಆಳ 1ರಿಂದ 1.4 ಮೀಟರ್. ‘ಅಷ್ಟೇನಾ? ನಿಮ್ಮ ಪಿಟ್ಟೇ ದೊಡ್ಡದಲ್ವಾ?’ ಅಂತ ಕೇಳಬಹುದು. ನಾವೂ ಅಲ್ಲೇ ಎಡವಿದ್ವಿ. ಆ 1,800 ಲೀಟರ್ ಬರೀ ತೊಟ್ಟಿಗೆ. ಹೊರಗೆ ಬರೋ ನೀರಿಗೆ ಬೇರೆ ಇಂಗುವ ಜಾಗ ಬೇಕು, ಅದರ ಗಾತ್ರ ನಿರ್ಧಾರ ಮಾಡೋದು ಜನ ಮಾತ್ರ ಅಲ್ಲ, ಮಣ್ಣು. ಸಣ್ಣ ಗುಂಡಿ ತೋಡಿ, ನೀರು ತುಂಬಿ ರಾತ್ರಿಯೆಲ್ಲ ನೆನೆಸಿ, ಮಾರನೇ ದಿನ ನೀರು 25 ಮಿಲಿಮೀಟರ್ ಇಳಿಯೋಕೆ ಎಷ್ಟು ನಿಮಿಷ ಬೇಕು ಅಂತ ಅಳೀಬೇಕು. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಸರಿ. 60 ನಿಮಿಷ ದಾಟಿದರೆ ಆ ಮಣ್ಣನ್ನ ನಂಬೋ ಹಾಗಿಲ್ಲ. ಮನೆ ಕಟ್ಟುವಾಗ ಗುದ್ದಲಿ ಪೂಜೆ ಎಲ್ಲರೂ ಮಾಡಿಸ್ತಾರೆ. ಈ ಪರೀಕ್ಷೆ ಮಾಡಿಸಿದವರನ್ನ ನಾವಿನ್ನೂ ನೋಡಿಲ್ಲ.

ಇದೇ ಸಮಯದಲ್ಲಿ ನಮ್ಮಲ್ಲೊಬ್ಬನ ಅಕ್ಕ, ಅಮೆರಿಕದ ಬಾಸ್ಟನ್ ಹತ್ತಿರ ಮನೆ ಹುಡುಕ್ತಿದ್ದವರು, ಫೋನಿನಲ್ಲಿ ಒಂದು ವಿಚಿತ್ರ ಹೇಳಿದರು. ಅವರು ನೋಡಿದ ಮನೆಯಲ್ಲಿ ಮಲಗೋಕೆ ಲಾಯಕ್ಕಾದ ರೂಮು ನಾಲ್ಕಿದ್ವು, ಜಾಹೀರಾತಿನಲ್ಲಿ ಮಾತ್ರ ‘ಮೂರು ಬೆಡ್‌ರೂಮು ಮತ್ತು ಸ್ಟಡಿ’. ಯಾಕೆ ಅಂದ್ರೆ ಸೆಪ್ಟಿಕ್ ಪರ್ಮಿಟ್ ಮೂರಕ್ಕೆ ಮಾತ್ರ. ಆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ‘ಟೈಟಲ್ 5’ ಅನ್ನೋ ನಿಯಮ ಇದೆ. ಅಲ್ಲಿ ಲೆಕ್ಕ ಜನರ ಮೇಲಲ್ಲ, ಬೆಡ್‌ರೂಮಿನ ಮೇಲೆ: ಒಂದು ಬೆಡ್‌ರೂಮಿಗೆ ದಿನಕ್ಕೆ 110 ಗ್ಯಾಲನ್, ಅಂದ್ರೆ ಸುಮಾರು 416 ಲೀಟರ್. ಮನೆಯಲ್ಲಿ ಒಬ್ಬರೇ ಇದ್ದರೂ ಕನಿಷ್ಠ ಮೂರು ಬೆಡ್‌ರೂಮಿನ ಲೆಕ್ಕ ಹಿಡೀತಾರೆ. ಮನೆ ಮಾರೋಕೆ ಮುಂಚಿನ ಎರಡು ವರ್ಷದೊಳಗೆ ಸೆಪ್ಟಿಕ್ ತಪಾಸಣೆ ಆಗಿರಬೇಕು. ಬಚ್ಚಿಡೋಕೂ ಬಿಡಲ್ಲ: ಬಾತ್‌ರೂಮು, ಪಡಸಾಲೆ ಬಿಟ್ಟು ಎಂಟಕ್ಕಿಂತ ಜಾಸ್ತಿ ಕೋಣೆ ಇದ್ದರೆ, ಒಟ್ಟು ಕೋಣೆಗಳ ಅರ್ಧದಷ್ಟು ಬೆಡ್‌ರೂಮು ಅಂತ ಅವರೇ ಎಣಿಸಿಕೊಳ್ತಾರೆ. ದೇವರಮನೆ, ಸ್ಟೋರ್‌ರೂಮು ಅಂತ ಹೆಸರಿಟ್ಟು ತಪ್ಪಿಸಿಕೊಳ್ಳೋದು ಕಷ್ಟ.

ಎರಡರಲ್ಲಿ ಯಾವುದು ಸರಿ ಅಂತ ನಮ್ಮ ಮನೆಯಲ್ಲಿ ರಾತ್ರಿ ಒಂದು ಗಂಟೆವರೆಗೆ ಜಗಳ ಆಯ್ತು. ಕೊಳಚೆ ಮಾಡೋರು ಜನ, ಗೋಡೆಗಳಲ್ಲ. ಆದ್ದರಿಂದ ಡಿಸೈನಿಗೆ ನಮ್ಮ ದೇಶದ ಲೆಕ್ಕವೇ ಸರಿ ಅಂತ ಅರ್ಧ ಜನ. ಆದರೆ ಜನ ಬದಲಾಗ್ತಾರೆ, ಇವತ್ತು ನಾಲ್ಕು, ನಾಳೆ ಒಂಬತ್ತು. ಬೆಡ್‌ರೂಮು ಮಾತ್ರ ಎಣಿಸಿ ಕಾಗದದ ಮೇಲೆ ಬರೀಬಹುದು, ಮಾರೋ ದಿನ ಹೋಗಿ ನೋಡಬಹುದು. ನಮ್ಮ ಅಭಿಪ್ರಾಯ ಕೊನೆಗೆ ಹೀಗಾಯ್ತು: ಕಟ್ಟುವಾಗ ಜನ ಎಣಿಸಲಿ, ಮಾರುವಾಗ ಬೆಡ್‌ರೂಮು ಎಣಿಸಿ ಪಿಟ್ಟಿನ ಜೊತೆ ತಾಳೆ ನೋಡಲಿ. ಈಗ ನಮ್ಮಲ್ಲಿ ಬೆಡ್‌ರೂಮು ಎಣಿಸೋದು ರೇಟು ಏರಿಸೋಕೆ ಮಾತ್ರ. ಅಂದಹಾಗೆ ಟೈಟಲ್ 5ರ ಪ್ರಕಾರ ಮೂರು ಬೆಡ್‌ರೂಮಿಗೆ ದಿನಕ್ಕೆ ಸುಮಾರು 1,250 ಲೀಟರ್, ನಮ್ಮ ಒಂಬತ್ತು ಜನದ 972 ಅದರೊಳಗೇ ಬರುತ್ತೆ! ಸಮಸ್ಯೆ ನಮ್ಮ ಹೊಟ್ಟೆಯದಲ್ಲ, ಮೂರನೇ ಬೆಡ್‌ರೂಮಿನ ಪಾಲಿನ ಪಿಟ್ ಯಾರೂ ಕಟ್ಟಿಸಲಿಲ್ಲ ಅನ್ನೋದು.

ಇನ್ನೊಂದು ವಿಷಯ ನಮ್ಮನ್ನ ನಿಜಕ್ಕೂ ಹೆದರಿಸಿತು. ಐಎಸ್ 2470 ಪ್ರಕಾರ ಇಂಗುವ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ಮಧ್ಯೆ ಕನಿಷ್ಠ 18 ಮೀಟರ್ ಇರಬೇಕು. ಈಗ 30×40 ಸೈಟು ತಗೊಳ್ಳಿ. ಒಂದು ಮೂಲೆಯಿಂದ ಎದುರು ಮೂಲೆಗೆ ಪೈಥಾಗೊರಸ್ ಹಾಕಿ: 30, 40, 50. ಐವತ್ತಡಿ ಅಂದ್ರೆ 15.24 ಮೀಟರ್. ಅಂದ್ರೆ 30×40 ಸೈಟಿನೊಳಗೆ ಬೋರ್‌ವೆಲ್ಲೂ ಇಂಗುಗುಂಡಿಯೂ ಎರಡೂ ಇದ್ದರೆ, ಎಲ್ಲಿ ತೋಡಿದರೂ ಸರಿ, ನಿಯಮ ಮುರಿದೇ ಇರುತ್ತೆ. ಪಕ್ಕದ ಮನೆಯವರ ಪಿಟ್ಟು, ಹಿಂದಿನ ಮನೆಯವರ ಬೋರು ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ನಮ್ಮ ಪಿಟ್ಟಿಗೂ ಬೋರಿಗೂ ಅಳೆದ್ವಿ: 9 ಮೀಟರ್. ಎಂಟನೇ ಕ್ಲಾಸಿನ ಗಣಿತಕ್ಕೆ ಗೊತ್ತಾಗೋ ಇದು, ‘ಬೋರ್‌ವೆಲ್’ ಅಂತ ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆದವರಿಗೂ, ಅದನ್ನ ಓದಿ ಖುಷಿಪಟ್ಟವರಿಗೂ ಹೊಳೀಲಿಲ್ಲ. ಅವತ್ತಿನಿಂದ ಕುಡಿಯೋಕೆ ಕ್ಯಾನ್ ನೀರು ತರ್ತಿದೀವಿ. ಇಂಥ ಸೈಟುಗಳಿಗೆ ಯುಜಿಡಿ ಒಂದೇ ಸರಿಯಾದ ಉತ್ತರ. ಪಿಟ್ ಅದು ಬರೋವರೆಗಿನ ತಾತ್ಕಾಲಿಕ.

ಕಾಗದದಲ್ಲಿ ಪಿಟ್ ಎಲ್ಲೂ ಸಿಗಲ್ಲ. ಇಸಿಯಲ್ಲಿ ಸಾಲ, ಅಡಮಾನ ಕಾಣುತ್ತೆ. ಖಾತಾದಲ್ಲಿ ಅಳತೆ, ಹೆಸರು. ಕ್ರಯಪತ್ರದಲ್ಲಿ ಚಕ್ಕುಬಂದಿ. ಆದರೆ ಕಾನೂನು ಓದ್ತಿರೋ ಗೆಳತಿಯೊಬ್ಬಳು ಒಂದು ದಾರಿ ತೋರಿಸಿದಳು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಆಸ್ತಿಯಲ್ಲಿ ದೊಡ್ಡ ದೋಷ ಇದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಸಿಗದಂಥದ್ದಾದರೆ, ಮಾರುವವನು ಅದನ್ನ ಹೇಳಲೇಬೇಕು. ಹೇಳದಿರೋದನ್ನ ಆ ಕಾಯ್ದೆ ವಂಚನೆ ಅಂತಲೇ ಕರೆಯುತ್ತೆ. ಮಣ್ಣಿನೊಳಗಿನ ಪಿಟ್ ಇದಕ್ಕೆ ಒಳ್ಳೆ ಉದಾಹರಣೆ ಅಂತ ನಮಗನಿಸುತ್ತೆ. ಆದರೆ ಕೊಳ್ಳುವವರು ಬಾಯಿಬಿಟ್ಟು ಕೇಳಿದ್ರೆ ಕೋರ್ಟಿನವರೆಗೆ ಹೋಗೋ ಕೆಲಸವೇ ಇರಲ್ಲ.

ಈಗ ಅವತ್ತಿನ ಗಾಡಿಯ ವಿಷಯ. ಸಕ್ಕಿಂಗ್ ಮೆಷಿನ್ ಗಾಡಿಯ ಜೊತೆ ಇಬ್ಬರು ಬಂದಿದ್ದರು. ಮೇಲಿನ ನೀರೆಲ್ಲ ಎಳೆದಾಯ್ತು. ತಳದಲ್ಲಿ ಗಟ್ಟಿಯಾಗಿದ್ದು ಪೈಪಿಗೆ ಬರಲಿಲ್ಲ. ಅವರಲ್ಲಿ ಚಿಕ್ಕವನು, ನಮಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು, ಪ್ಯಾಂಟು ಮಡಚಿ ‘ಐನೂರು ಜಾಸ್ತಿ ಕೊಡಿ, ಇಳಿದು ಕಲಕ್ತೀನಿ’ ಅಂದ. ನಾಚಿಕೆಯಿಂದ ಹೇಳಬೇಕು, ನಾವು ಮುಖ ಮುಖ ನೋಡಿಕೊಂಡು ಐನೂರನ್ನ ಒಂಬತ್ತರಿಂದ ಭಾಗಿಸ್ತಿದ್ವಿ. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಕೂಗಿದರು: ‘ಏ ಮಗಾ, ಇಳೀಬೇಡ ಕಣೋ! ಇವರಿಗೆ ಬುದ್ಧಿ ಇಲ್ಲ, ನಿನಗಾದ್ರೂ ಬೇಡ್ವಾ?’

ಅವನು ಇಳೀಲಿಲ್ಲ. ನೀರು ಬಿಟ್ಟು, ಉದ್ದನೆ ಗಳದಿಂದ ಮೇಲಿಂದಲೇ ಕಲಕಿ, ಮತ್ತೆ ಎಳೆದರು. ಅಷ್ಟೇ ಕೆಲಸ, ಅರ್ಧ ಗಂಟೆ ಜಾಸ್ತಿ. ಪಿಟ್ಟಿನೊಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದಾಗ ಮೂಗಿನ ಶಕ್ತಿಯೇ ಹೋಗಿ ವಾಸನೆ ನಿಂತುಹೋಗುತ್ತೆ. ವಾಸನೆ ಇಲ್ಲ ಅಂತ ಇಳಿದವನು ಮೇಲೆ ಬರಲ್ಲ, ಅವನನ್ನ ಎತ್ತೋಕೆ ಇಳಿದವನೂ ಬರಲ್ಲ. 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಯಾರನ್ನೂ ಪಿಟ್ಟಿಗೆ, ಮ್ಯಾನ್‌ಹೋಲಿಗೆ ಇಳಿಸೋ ಹಾಗಿಲ್ಲ. ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಳಿಸಿದವರು ಅಂದ್ರೆ ಗುತ್ತಿಗೆದಾರ ಮಾತ್ರ ಅಲ್ಲ, ಐನೂರು ಕೊಟ್ಟ ಮನೆಯವರೂ. ಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂತ ಹೇಳಿತ್ತು, 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಮೊತ್ತ ಏರಿಸೋ ಅಗತ್ಯ ಬರ್ತಿರಲಿಲ್ಲ. ಗಾಡಿ ಬೇಕಾದರೆ 14420 ಅನ್ನೋ ಸರ್ಕಾರಿ ಸಹಾಯವಾಣಿ ಇದೆ. ಎಳೆದಿದ್ದನ್ನ ಎಲ್ಲಿ ಸುರಿಯೋದು ಅಂತಲೂ ಕೇಳಿ. ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೇ ಅಂತ ಪ್ರತ್ಯೇಕ ಸಂಸ್ಕರಣಾ ಘಟಕ ನಡೀತಿದೆ. ಅಂಥದ್ದು ಇಲ್ಲದ ಕಡೆ ಕತ್ತಲಾದ ಮೇಲೆ ಯಾವುದೋ ಕೆರೆ ಅಂಗಳವೇ ಗತಿ.

ನಿಮ್ಮ ಮನೆಯವರು ಮನೆ ಕೊಳ್ಳೋ ಯೋಚನೆಯಲ್ಲಿದ್ದರೆ ಕೇಳೋದು ಕಷ್ಟ ಏನಲ್ಲ. ಯುಜಿಡಿ ಇದೆ ಅಂದ್ರೆ ಸಂಪರ್ಕದ ರಸೀದಿ ತೋರಿಸಿ ಅನ್ನಿ, ಮುಚ್ಚಳ ನೋಡಿ ನಂಬಬೇಡಿ. ಪಿಟ್ ಅಂದ್ರೆ ಎಷ್ಟು ರಿಂಗು, ತಳ ಇದೆಯಾ ಇಲ್ವಾ, ಯಾವಾಗ ಖಾಲಿ ಮಾಡಿಸಿದ್ದು, ಆಮೇಲೆ ಎಷ್ಟು ದಿನಕ್ಕೆ ತುಂಬಿತು. ಕೊನೇ ಪ್ರಶ್ನೆಗೆ ಸಿಗೋ ಉತ್ತರ ಮಣ್ಣಿನ ಆರೋಗ್ಯ ಹೇಳುತ್ತೆ. ಮಾಡಿನ ಮೇಲೆ ಆಮೇಲೆ ರೂಮು ಕಟ್ಟಿದ್ದರೆ ಅದರ ಪೈಪು ಎಲ್ಲಿಗೆ ಹೋಗಿದೆ ನೋಡಿ. ಪಿಟ್ ಮೇಲೆ ಟೈಲ್ಸ್ ಹಾಕಿ ಕಾರ್ ಪಾರ್ಕಿಂಗ್ ಮಾಡಿದ್ದರೆ ಚಪ್ಪಡಿ ಎಲ್ಲಿದೆ ಕೇಳಿ. ನಮ್ಮ ಮನೆಯಲ್ಲಿ ಹುಡುಕೋಕೇ ಒಂದು ದಿನ ಬೇಕಾಯ್ತು. ಸಾಧ್ಯವಾದರೆ ಮನೆಯನ್ನ ಆಗಸ್ಟಿನಲ್ಲಿ ನೋಡಿ, ಫೆಬ್ರವರಿಯಲ್ಲಿ ಎಲ್ಲ ಪಿಟ್ಟೂ ಒಳ್ಳೆಯದೇ.

ಎಂಟನೇ ಕುಟುಂಬ ಬಂದಿದ್ದು ಹುಣಸೂರು ಕಡೆಯಿಂದ. ಮೇಷ್ಟ್ರು, ಅವರ ಹೆಂಡತಿ, ಪಿಯುಸಿ ಓದೋ ಮಗಳು, ವಯಸ್ಸಾದ ಅಮ್ಮ. ಎಲ್ಲ ನೋಡಿ ಹೊರಡುವಾಗ ಮೇಷ್ಟ್ರ ಹೆಂಡತಿ ನಮ್ಮ ಕಡೆ ತಿರುಗಿ ‘ಮಳೆಗಾಲದಲ್ಲಿ ಏನೂ ತೊಂದ್ರೆ ಇಲ್ವೇನಪ್ಪಾ?’ ಅಂದರು. ಓನರ್ ಅಂಕಲ್ ಅಲ್ಲೇ ನಿಂತಿದ್ದರು. ಕೆಟ್ಟವರಲ್ಲ ಅವರು, ಲಾಕ್‌ಡೌನ್‌ನಲ್ಲಿ ಎರಡು ತಿಂಗಳ ಬಾಡಿಗೆ ನಮ್ಮ ಸೀನಿಯರ್‌ಗಳಿಗೆ ಬಿಟ್ಟವರು, ಈಗ ಮಗಳ ಮದುವೆಗೆ ಮನೆ ಮಾರ್ತಿರೋರು. ನಾವು ಒಂಬತ್ತು ಜನ ಸುಮ್ಮನೆ ನಿಂತಿದ್ವಿ. ಆಮೇಲೆ ನಮ್ಮಲ್ಲೊಬ್ಬ ‘ಪಿಟ್ ಚಿಕ್ಕದು ಆಂಟಿ, ಎರಡು ಸಲ ತುಂಬಿತ್ತು’ ಅಂದ. ಇನ್ನೊಬ್ಬ ಲೆಕ್ಕದ ಹಾಳೆ ತಂದು ಮೇಷ್ಟ್ರ ಕೈಗೆ ಕೊಟ್ಟ. ಬೋರಿನ 9 ಮೀಟರೂ ಅದರಲ್ಲಿತ್ತು.

ಮುಂದಿನ ಭಾನುವಾರ ಮೇಷ್ಟ್ರು ಮೇಸ್ತ್ರಿಯನ್ನ ಕರ್ಕೊಂಡು ಬಂದರು. ಚಪ್ಪಡಿ ತೆಗೆಸಿ ನೋಡಿದರು. ಹೊಸದಾಗಿ ಸರಿಯಾದ ತೊಟ್ಟಿ ಕಟ್ಟಿಸೋ ಖರ್ಚನ್ನ ರೇಟಿನಲ್ಲಿ ಬಿಡಬೇಕು ಅಂತ ಮಾತುಕತೆ ನಡೀತಿದೆ, ಇನ್ನೂ ಮುಗಿದಿಲ್ಲ. ಓನರ್ ಅಂಕಲ್ ನಮ್ಮ ಜೊತೆ ಮಾತಾಡಿ ಹನ್ನೆರಡು ದಿನ ಆಯ್ತು. ಗೇಟಿನ ಬೋರ್ಡ್ ಮಾತ್ರ ಬದಲಾಗಿದೆ. ‘3 ಬಿಎಚ್‌ಕೆ’ ಅನ್ನೋದರ ಮೇಲೆ ಬಿಳಿ ಪೇಂಟು ಬಳಿದು ಬರೆಸಿದ್ದಾರೆ: ‘2 ಬಿಎಚ್‌ಕೆ, ಮೇಲೆ ಒಂದು ಸ್ಟಡಿ ರೂಮು.’